ಪದ ಬೇಕು: ಹಾರ್ಡ್‌ವೇರ್ ವಾಲೆಟ್, ಸೀಡ್ ಫ್ರೇಸ್, ಪಾಸ್‌ಫ್ರೇಸ್ (ನಾಳೆ ಸಂಜೆ ಅಚ್ಚಿಗೆ)

ಬಳಗದವರಿಗೆ ನಮಸ್ಕಾರ.

ಕ್ರಿಪ್ಟೋ ಇಟ್ಟುಕೊಳ್ಳಲು ಕಡಿಮೆ ದುಡ್ಡಿನ ಹಾರ್ಡ್‌ವೇರ್ ವಾಲೆಟ್ ಕೊಳ್ಳುವವರಿಗಾಗಿ ಒಂದು ಹಾಳೆಯ ಕೈಪಿಡಿ ಕನ್ನಡಕ್ಕೆ ಆಗಬೇಕು. ‘ಯಂತ್ರಾಂಶ ಕೈಚೀಲ’ ಎಂದು ಬರೆದು ಹೊಡೆದುಹಾಕಿದ್ದೇನೆ. ಸೀಡ್ ಫ್ರೇಸ್‌ಗೆ ‘ಬೀಜವಾಕ್ಯ’ ಒಗ್ಗುತ್ತಿಲ್ಲ, ಅಲ್ಲಿರುವುದು ವಾಲೆಟ್ ಮತ್ತೆ ತೆರೆಯಲು ಬೇಕಾಗುವ, ಸಾಮಾನ್ಯವಾಗಿ 12 ಅಥವಾ 24 ಬಿಡಿ ಪದಗಳು. ಪಾಸ್‌ಫ್ರೇಸ್‌ಗೆ (ಆ ಪದಗಳ ಜೊತೆಗೆ ನಾವೇ ಸೇರಿಸುವ ಗುಟ್ಟು) ‘ಗುಪ್ತಪದ’ ಸಾಕೇ? ತಲೆಬರಹದಲ್ಲಿರುವ ‘ಬಜೆಟ್’‌ಗೆ ‘ಅಗ್ಗದ’ ಎನ್ನಬಹುದೇ? ಮೂಲದಲ್ಲಿ “ಸೀಲ್ ಒಡೆದಿದ್ದರೆ ಬಳಸಬೇಡಿ” ಎಂದೂ ಇದೆ.

—— ಉತ್ತರ 1

‘ಹಮ್ಮಿಣಿ’ ಇರುವಾಗ ವಾಲೆಟ್ ಯಾಕೆ? ದುಡ್ಡು ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಚೀಲ, ಎಷ್ಟು ಚೆಂದದ ಅಚ್ಚಗನ್ನಡ ಪದ. ಸೀಡ್‌ಗೆ ‘ಬೀಜ’ ಬೇಡ, ಅದು ಸಂಸ್ಕೃತ. ‘ಬಿತ್ತು’ ನಮ್ಮದು, ತಮಿಳಿನ ‘ವಿತ್ತು’ ಅದರ ಒಡಹುಟ್ಟು. ‘ಬಿತ್ತುಪದ’ ಎನ್ನಿ. ಸೀಲ್‌ಗೆ ‘ಅರಗುಮುದ್ರೆ’. ಹೊಸ ವಸ್ತು ಬಂದಾಗಲೆಲ್ಲ ಕೈಚಾಚುತ್ತಾ ಹೋದರೆ ಕನ್ನಡದಲ್ಲಿ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿದೀತು.

—— ಉತ್ತರ 2

> ಅಚ್ಚಗನ್ನಡ ಪದ

ಅಲ್ಲ. ಹಮ್ಮಿಣಿ ಪಾರಸಿಯ ‘ಹಮ್ಯಾನ್’. ಕಿಸೆಯೂ ಆ ಕಡೆಯಿಂದಲೇ ಬಂದದ್ದು. ನಿಘಂಟು ತೆರೆದು ನೋಡಿ ಬರೆಯಿರಿ.

ಪದದ ಹುಟ್ಟು ಹಾಗಿರಲಿ, ಅರ್ಥವೇ ತಪ್ಪು. ಈ ಯಂತ್ರದಲ್ಲಿ ದುಡ್ಡು ಇರುವುದಿಲ್ಲ. ನಾಣ್ಯದ ಲೆಕ್ಕ ಜಾಲದ ಹಂಚಿಕೆಯ ಲೆಕ್ಕಪುಸ್ತಕವಾದ ಬ್ಲಾಕ್‌ಚೈನ್‌ನಲ್ಲಿರುತ್ತದೆ. ಯಂತ್ರ ಕೀಲಿಕೈಯನ್ನು (ಒಂದು ಗುಟ್ಟು ಸಂಖ್ಯೆ) ಒಳಗೇ ಇಟ್ಟುಕೊಂಡು ವಹಿವಾಟಿಗೆ ಸಹಿ ಹಾಕುತ್ತದೆ, ಅಷ್ಟೆ. ಯಂತ್ರ ಕಳೆದರೂ ಪದಗಳಿದ್ದರೆ ದುಡ್ಡು ಹೋಗದು. ಪದಗಳು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಯಂತ್ರ ಕೈಯಲ್ಲಿದ್ದರೂ ದುಡ್ಡು ಉಳಿಯದು. ‘ಚೀಲ’ ಎಂದು ಓದಿದವರು ಯಂತ್ರವನ್ನು ಬೀರುವಿನಲ್ಲಿಟ್ಟು ಪದಗಳ ಚೀಟಿಯನ್ನು ಮೇಜಿನ ಮೇಲೆ ಬಿಡುತ್ತಾರೆ. ‘ಹಾರ್ಡ್‌ವೇರ್ ವಾಲೆಟ್’ ಎಂದೇ ಉಳಿಸಿ, ಮೊದಲ ಸಾಲಿನಲ್ಲಿ ‘ಕೀಲಿಕೈ ಕಾಯುವ ಸಾಧನ’ ಎಂದು ಬಿಡಿಸಿ ಹೇಳಿ.

‘ಕೀಲಿ’ ಎಂದಷ್ಟೇ ಬರೆಯಬೇಡಿ. ಧಾರವಾಡದ ಕಡೆ ಕೀಲಿ ಎಂದರೆ ಬೀಗ. ‘ಖಾಸಗಿ ಕೀಲಿಕೈ’ ಎಂದರೆ ಎರಡೂ ಸೀಮೆಗೆ ತಿಳಿಯುತ್ತದೆ.

—— ಉತ್ತರ 3

ಸೀಲ್ ಬಗ್ಗೆ: ಪದಕ್ಕಿಂತ ಮೊದಲು ಆ ಸಾಲನ್ನೇ ತಿದ್ದಿ. ಲೆಡ್ಜರ್ ಎಂಬ ವಾಲೆಟ್ ಕಂಪನಿ ತನ್ನ ಪೆಟ್ಟಿಗೆಗೆ ಅಂಥ ಸೀಲ್ ಹಾಕುವುದೇ ಇಲ್ಲ. ಯಂತ್ರವನ್ನು ಅದರ ಆ್ಯಪ್‌ಗೆ ಜೋಡಿಸಿದಾಗ ನಡೆಯುವ ಅಸಲಿ ತಪಾಸಣೆಯನ್ನೇ ನೆಚ್ಚುತ್ತದೆ. ಇನ್ನೊಂದು ಕಂಪನಿ ಟ್ರೆಜರ್ ಹೊಲೊಗ್ರಾಮ್ ಅಂಟಿಸುತ್ತದೆ, ಆದರೆ ಹೊಲೊಗ್ರಾಮ್ ಅಚ್ಚುಹಾಕುವುದು ಮೋಸಗಾರರಿಗೆ ದೊಡ್ಡ ಕೆಲಸವಲ್ಲ. ಸೀಲ್ ಗಟ್ಟಿಯಾಗಿದೆ ಎಂದು ನಂಬಿದವರೇ ಸಿಕ್ಕಿಬೀಳುವುದು.

ನಿಜವಾದ ಗುರುತು ಬೇರೆ. ಪೆಟ್ಟಿಗೆಯೊಳಗೆ ಮೊದಲೇ ಪದಗಳನ್ನು ಮುದ್ರಿಸಿದ ಅಥವಾ ಕೆರೆದು ನೋಡುವ ಕಾರ್ಡ್ ಇದ್ದರೆ, ಇಲ್ಲವೇ ಪಿನ್ ಮೊದಲೇ ಇಟ್ಟಿದ್ದರೆ, ಆ ಯಂತ್ರವನ್ನು ಬಳಸಲೇಬಾರದು. ಪದಗಳು ನಿಮ್ಮೆದುರೇ ಯಂತ್ರದ ಪರದೆಯ ಮೇಲೆ ಹುಟ್ಟಬೇಕು. ತಯಾರಕರ ಜಾಲತಾಣದಲ್ಲಿ, ಇಲ್ಲವೇ ಆ ತಾಣ ಪಟ್ಟಿಮಾಡಿದ ಮಾರಾಟಗಾರರಲ್ಲಿ ಮಾತ್ರ ಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ದುಡ್ಡು ಹಾಕುವ ಕ್ರಮವನ್ನೂ ಸೇರಿಸಿ: ಮೊದಲು ಚಿಲ್ಲರೆ ಮೊತ್ತ ಕಳಿಸಿ, ಯಂತ್ರವನ್ನು ಪೂರ್ತಿ ಅಳಿಸಿ, ಬರೆದಿಟ್ಟ ಪದಗಳಿಂದ ಮತ್ತೆ ತೆರೆದು, ದುಡ್ಡು ಪಡೆಯುವ ಅದೇ ವಿಳಾಸ ಬಂತೇ ನೋಡಿ, ಆಮೇಲೆ ಉಳಿದದ್ದು.

‘ಅಗ್ಗದ’ ಬೇಡ, ಕಳಪೆ ಎಂಬ ವಾಸನೆ ಇದೆ. ‘ಕಡಿಮೆ ಬೆಲೆಯ’ ಸಾಕು. ಅಲ್ಲೂ ಭೇದವಿದೆ: ಟ್ರೆಜರ್ ಮಾಡೆಲ್ ಒನ್‌ನಲ್ಲಿ ಪ್ರತ್ಯೇಕ ಭದ್ರತಾ ಚಿಪ್ ಇಲ್ಲ, ಕಳ್ಳತನವಾದರೆ ಲ್ಯಾಬ್‌ನಲ್ಲಿ ಬಿಚ್ಚಿ ಪದಗಳನ್ನು ಹೊರತೆಗೆಯಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಅದಕ್ಕೆ ತಡೆ ಪಾಸ್‌ಫ್ರೇಸ್. ಟ್ರೆಜರ್‌ನ ಸೇಫ್ 3, ಲೆಡ್ಜರ್‌ನ ನ್ಯಾನೋ ಎಸ್ ಪ್ಲಸ್‌ಗಳಲ್ಲಿ ಚಿಪ್ ಇದೆ.

ಪಾಸ್‌ಫ್ರೇಸ್‌ಗೆ ‘ಗುಪ್ತಪದ’ ಎಂದರೆ ಪಾಸ್‌ವರ್ಡ್ ಜೊತೆ ಕಲಸಿಹೋಗುತ್ತದೆ. ಪಾಸ್‌ವರ್ಡ್ ತಪ್ಪಿದರೆ ತಪ್ಪೆಂದು ಹೇಳುತ್ತದೆ. ಇದು ಹೇಳುವುದಿಲ್ಲ, ಒಂದಕ್ಷರ ಬದಲಾದರೂ ಬೇರೆಯದೇ ಖಾಲಿ ವಾಲೆಟ್ ತೆರೆಯುತ್ತದೆ. ‘ಹೆಚ್ಚುವರಿ ಗುಟ್ಟುಪದ’ ಎನ್ನಬಹುದು.

—— ಉತ್ತರ 4

ಸೀಡ್ ಫ್ರೇಸ್‌ಗೆ ‘ಬೀಜಾಕ್ಷರ’ ಏಕಾಗಬಾರದು? ಗುಟ್ಟು, ಚಿಕ್ಕದು, ಅದರಿಂದಲೇ ಎಲ್ಲವೂ ಹುಟ್ಟುತ್ತದೆ.

—— ಉತ್ತರ 2 (ಮತ್ತೆ)

ಆಗಬಾರದು. ಅದು ಅಕ್ಷರವಲ್ಲ, ಪದ. ಮಂತ್ರವನ್ನು ಗುರು ಕಿವಿಯಲ್ಲಿ ಹೇಳಿಕೊಡುತ್ತಾನೆ. ಇದನ್ನು ಹೇಳಿಕೊಡುವೆನೆಂದು ಬರುವವನೇ ಕಳ್ಳ.

ಇನ್ನೂ ಕೆಟ್ಟದ್ದೆಂದರೆ ಪದಗಳನ್ನೇ ಕನ್ನಡಿಸುವುದು, ಅಥವಾ ಕನ್ನಡ ಲಿಪಿಯಲ್ಲಿ ಬರೆದಿಡುವುದು. ಸೀಡ್ ಪದಗಳ ಮಾನದಂಡವಾದ ಬಿಐಪಿ-39ರ 2048 ಪದಗಳ ಪಟ್ಟಿ ಜಪಾನಿ, ಚೆಕ್ ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ‘ಬಲ’ ಎಂಬ ಅರ್ಥದ ರೈಟ್ ಇದೆ, ‘ಬರೆ’ ಎಂಬ ಅರ್ಥದ ರೈಟ್ ಕೂಡ ಇದೆ. ‘ಜೋಡಿ’ಯೂ ಪೇರ್, ಹಣ್ಣೂ ಪೇರ್. ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಯಾವುದೆಂದು ಗೊತ್ತಾಗುವುದು ಹೇಗೆ? ಇಂಗ್ಲಿಷ್ ಅಕ್ಷರದಲ್ಲಿ, ಕ್ರಮಸಂಖ್ಯೆಯೊಡನೆ ಬರೆಯಲು ಹೇಳಿ. ಅಲ್ಲಿ ಮೊದಲ ನಾಲ್ಕು ಅಕ್ಷರ ಸ್ಪಷ್ಟವಾಗಿದ್ದರೆ ಪದ ಯಾವುದೆಂದು ಗೊಂದಲವಿಲ್ಲ.

—— ಉತ್ತರ 1 (ಮತ್ತೆ)

ಹಮ್ಮಿಣಿಯ ಮೂಲ ಒಪ್ಪಿದೆ. ತತ್ವ ಬಿಡುವುದಿಲ್ಲ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಉಳಿಸುವುದಾದರೆ ಅನುವಾದ ಯಾಕೆ?

—— ಉತ್ತರ 3 (ಮತ್ತೆ)

ಯಂತ್ರದ ಪರದೆ ಕನ್ನಡ ಮಾತಾಡುವುದಿಲ್ಲ, ಅದಕ್ಕೆ. ಪರದೆಯ ಮೇಲಿನ ಪದ ಕೈಪಿಡಿಯಲ್ಲೂ ಅದೇ ಇರಬೇಕು. ಮಾಡುವ ಕೆಲಸವನ್ನು ಅಚ್ಚುಕಟ್ಟು ಕನ್ನಡದಲ್ಲಿ ಹೇಳಿ. ‘ಟ್ರೆಜರ್’ ಚೆಕ್ ಭಾಷೆಯ ತಿಜೋರಿ; ಅದರ ಬೇರು ಗ್ರೀಕಿನ ‘ಥೆಸೌರೋಸ್’. ಎರವಲು ತಂದ ಪದವನ್ನೇ ಅವರು ತಮ್ಮ ಸರಕಿಗೆ ಹೆಸರಾಗಿಟ್ಟರು, ಚೆಕ್ ಭಾಷೆ ಬಡವಾಗಲಿಲ್ಲ.

—— ಕೇಳಿದವರಿಂದ

ಎಲ್ಲರಿಗೂ ಋಣಿ. ಅಚ್ಚಿಗೆ ಹೋಗುವ ಸಾಲುಗಳು ಇವು:

“ಸೀಡ್ ಪದಗಳು ಯಂತ್ರದ ಪರದೆಯಲ್ಲೇ ಮೂಡಬೇಕು. ಪೆಟ್ಟಿಗೆಯಲ್ಲಿ ಬರೆದು ಬಂದಿದ್ದರೆ ಯಂತ್ರ ಬಳಸಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಕಾಗದದ ಮೇಲೆ ಬರೆಯಿರಿ. ಫೋಟೊ ತೆಗೆಯಬೇಡಿ, ಫೋನಿನಲ್ಲಿ ಟೈಪ್ ಮಾಡಬೇಡಿ, ಯಾರು ಕೇಳಿದರೂ ಹೇಳಬೇಡಿ.”

‘ಮೂಡಬೇಕು’ ಸರಿಯೇ, ‘ಕಾಣಿಸಬೇಕು’ ಎನ್ನಲೇ? ಬೆಳಿಗ್ಗೆ ಹತ್ತರೊಳಗೆ ಹೇಳಿದರೆ ತಿದ್ದಬಹುದು.

—— ಉತ್ತರ 2

ಮೂಡಬೇಕು. ಬರೆದು ಬಂದ ಕಾರ್ಡಿನಲ್ಲೂ ಪದಗಳು ಕಾಣಿಸುತ್ತವೆ.