7ನೇ ಕ್ರಾಸ್ ಗುಂಪು: ಮತ್ತೆ ನಮ್ಮ ಸಾಲಿಗೆ ಮಾತ್ರ ಕತ್ತಲೆ

31 ಕೆಳಮನೆ, ರಾತ್ರಿ 1:52
ನಿದ್ದೆ ಬಂದವರೆಲ್ಲ ಪುಣ್ಯವಂತರು. ಹನ್ನೊಂದೂ ಮುಕ್ಕಾಲಿಗೆ ಪಾರ್ಕ್ ಟಿಸಿ (ಟ್ರಾನ್ಸ್‌ಫಾರ್ಮರ್) ಢಬ್ ಎಂದಿತು. ಎದುರು ಸಾಲು ಜಗಮಗ, ನಮ್ಮ ಸಾಲು ಸ್ಮಶಾನ. ಈ ತಿಂಗಳಲ್ಲಿ ನಾಲ್ಕನೇ ಸಲ. ಯುಪಿಎಸ್ ಆಗಲೇ ಕೈ ಎತ್ತಿದೆ. ಅಮ್ಮ ಕ್ಯಾಲೆಂಡರ್ ಹಿಡಿದು ಗಾಳಿ ಬೀಸಿಕೊಳ್ಳುತ್ತಾ ವರಾಂಡದಲ್ಲಿ ಕೂತಿದ್ದಾರೆ. ಕಾರಿಗೆ ಕರೆಂಟ್ ಕುಡಿಸುವ ದೊಡ್ಡ ಮನುಷ್ಯರು ಎದ್ದು ಬಂದು ಅವರಿಗೆ ಗಾಳಿ ಬೀಸಿ.

17 ನೆಕ್ಸಾನ್, 1:58
ಸಾರ್, ನಾನೂ ಕತ್ತಲಲ್ಲೇ ಇದ್ದೇನೆ. ಕಾರಿನ ಚಾರ್ಜ್ ಶೇಕಡಾ 61ಕ್ಕೆ ನಿಂತಿದೆ.

31 ಕೆಳಮನೆ, 1:59
ಅಯ್ಯೋ ಪಾಪ. ಕಾರಿಗೂ ಸೆಕೆಯೇ?

12 ಹಳೇ ಅಡ್ಮಿನ್, 2:10
ಲೈನ್‌ಮನ್‌ಗೆ ಆರು ಸಲ ಫೋನ್ ಮಾಡಿದೆ. ಫ್ಯೂಸ್ ಹಾಕಲು ಬರುತ್ತಾರಂತೆ. ಯಾವಾಗ ಎಂದು ಕೇಳಬೇಡಿ.

22 ಇಂಜಿನಿಯರ್ ಸಾಹೇಬರು, ಬೆಳಿಗ್ಗೆ 5:41
ಶುಭೋದಯ. ರಾತ್ರಿಯ ಘಟನೆ ಓದಿದೆ. ನಮ್ಮ ಮನೆ ಬೇರೆ ಫೇಸ್, ನಮಗೇನೂ ಗೊತ್ತಾಗಲಿಲ್ಲ. ಟಿಸಿ ಹಾಕುವಾಗಲೇ ಹೇಳಿದ್ದೆ, 63 ಕೆವಿಎ ಸಾಕಾಗುವುದಿಲ್ಲ, 100 ಕೆವಿಎಯದ್ದು ಕೇಳಿ ಎಂದು. ಆಗ ಅಡ್ಮಿನ್ ಯಾರಿದ್ದರು ಎಂಬುದು ಎಲ್ಲರಿಗೂ ಗೊತ್ತು.

12 ಹಳೇ ಅಡ್ಮಿನ್, 5:50
ಅರ್ಜಿ ಬರೆದು ಮೂರು ಸಲ ಆಫೀಸಿಗೆ ಅಲೆದವನು ನಾನು. ಸಹಿಗೆ ತಂದಾಗ ಕನ್ನಡಕ ಮನೆಯಲ್ಲಿದೆ ಎಂದವರು ನೀವು.

22 ಇಂಜಿನಿಯರ್ ಸಾಹೇಬರು, 5:52
ಅದು ಬೇರೆ ವಿಷಯ.

26 ಡಾಕ್ಟ್ರಮ್ಮನ ಮಗಳು, 7:15
ಅಂಕಲ್, ಜಗಳ ಆಮೇಲೆ ಆಡಿ. ಲೆಕ್ಕ ನೋಡೋಣ. 63 ಕೆವಿಎ ಟಿಸಿ ಎಂದರೆ ಒಂದು ಫೇಸಿಗೆ ಸುಮಾರು 87 ಆಂಪಿಯರ್. 19 ಮತ್ತು 24ನೇ ಮನೆಗಳಲ್ಲಿ ಗೋಡೆಗೆ ಹಾಕಿಸಿರುವ 7.2 ಕಿಲೋವ್ಯಾಟ್ ಕಾರ್ ಚಾರ್ಜರ್ ಬಾಕ್ಸ್ ಒಂದೊಂದೂ 31 ಆಂಪಿಯರ್ ಎಳೆಯುತ್ತದೆ. ಎರಡೂ ನಮ್ಮ ಫೇಸಿನಲ್ಲೇ ಇವೆ. ಅಲ್ಲಿಗೆ 62. ಅದರ ಮೇಲೆ 17ರ ಕಾರು 15 ಆಂಪಿಯರ್ ಪ್ಲಗ್‌ನಲ್ಲಿ, ಆಮೇಲೆ ಒಂದೊಂದು ಮನೆಯ ಎಸಿ. ಎಲ್ಲರೂ ಹತ್ತು ಗಂಟೆಗೆ ಊಟ ಮುಗಿಸಿ ಒಟ್ಟಿಗೆ ಪ್ಲಗ್ ಹಾಕಿದರೆ ಫ್ಯೂಸ್ ಏನು ಮಾಡಬೇಕು ಹೇಳಿ?

24 ಮಹಡಿ ಮನೆ, 7:21
ನಮ್ಮ ಮನೆಗೆ ಮೂರು ಫೇಸ್ ಇದೆಯಮ್ಮ. ಬಾಕ್ಸ್ ಯಾವುದಕ್ಕೆ ಕೊಟ್ಟಿದ್ದಾರೆ ನನಗೇನು ಗೊತ್ತು?

26 ಡಾಕ್ಟ್ರಮ್ಮನ ಮಗಳು, 7:23
ಅದೇ ಹೇಳುತ್ತಿರುವುದು ಅಂಕಲ್. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಫೇಸಿಗೆ ಬದಲಾಯಿಸಿದರೆ ಅರ್ಧ ತಲೆನೋವು ಹೋಗುತ್ತದೆ.

22 ಇಂಜಿನಿಯರ್ ಸಾಹೇಬರು, 7:24
ಬೇರೆ ಫೇಸ್ ಎಂದರೆ ನಮ್ಮ ಫೇಸ್. ಒಪ್ಪಿಗೆ ಇಲ್ಲ.

ಮೂಲೆ ಮನೆ ಮೇಷ್ಟ್ರು, 7:30
*ಹಲವು ಬಾರಿ ಫಾರ್ವರ್ಡ್ ಆಗಿದೆ*
ಎಚ್ಚರ!! ರಾತ್ರಿಯಿಡೀ ಚಾರ್ಜಿಗೆ ಇಟ್ಟ ಕಾರಿನ ಬ್ಯಾಟರಿ ಓವರ್ ಚಾರ್ಜ್ ಆಗಿ ಉಬ್ಬುತ್ತದೆ. ನಿಮ್ಮವರನ್ನು ಉಳಿಸಿ. 10 ಗುಂಪಿಗೆ ಕಳಿಸಿ.

17 ನೆಕ್ಸಾನ್, 7:34
ಮೇಷ್ಟ್ರೇ, ಅದು ಸುಳ್ಳು. ಬ್ಯಾಟರಿ ತುಂಬಿದ ಮೇಲೆ ಕಾರೇ ಕರೆಂಟ್ ನಿಲ್ಲಿಸುತ್ತದೆ.

ಮೂಲೆ ಮನೆ ಮೇಷ್ಟ್ರು, 7:35
ಬಂದದ್ದನ್ನು ಕಳಿಸಿದೆ ಅಷ್ಟೇ.

26 ಡಾಕ್ಟ್ರಮ್ಮನ ಮಗಳು, 7:48
ಇನ್ನೊಂದು ಮಾತು. ದಿನಾ ಬ್ಯಾಟರಿ ಶೇಕಡಾ 100 ಮಾಡುವುದು ಯಾರಿಗೆ ಬೇಕು? ಊರೊಳಗೆ ದಿನಕ್ಕೆ 30 ಕಿಲೋಮೀಟರ್ ಓಡಿದರೆ ಖರ್ಚಾಗುವುದು ನಾಲ್ಕೈದು ಯುನಿಟ್. 15 ಆಂಪಿಯರ್ ಪ್ಲಗ್‌ನಲ್ಲೇ ಒಂದೂವರೆ ಗಂಟೆಯ ಕೆಲಸ. ವಾರಕ್ಕೆ ಎರಡು ಸಲ ಹಾಕಿದರೂ ನಡೆಯುತ್ತದೆ. ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಬೇಕಾದರೆ 100 ಮಾಡಿ.

19 ಹೊಸ ಮನೆ, 7:55
100 ಇಲ್ಲದಿದ್ದರೆ ನಮ್ಮವರಿಗೆ ನಿದ್ದೆ ಬರುವುದಿಲ್ಲ. 78 ಇದ್ದರೂ ಎದ್ದು ಹೋಗಿ ಪ್ಲಗ್ ಹಾಕುತ್ತಾರೆ.

38 ಶೆಟ್ಟರು, 7:56
ನಿಮ್ಮೆಜಮಾನರಿಗೆ ಗ್ಯಾಸ್ ಸಿಲಿಂಡರ್ ಕಾಲದ ಅಭ್ಯಾಸ. ಒಂದು ಉರಿಯುತ್ತಿರುವಾಗಲೇ ಇನ್ನೊಂದು ಬುಕ್ ಮಾಡುವುದು.

17 ನೆಕ್ಸಾನ್, 8:02
ಮೇಡಂ, ನಿಮ್ಮದು ಎನ್‌ಎಂಸಿ, ಅಂದರೆ ನಿಕಲ್ ಇರುವ ಬ್ಯಾಟರಿ ಅಲ್ವಾ? ಅದಕ್ಕೆ ದಿನನಿತ್ಯ 80 ಸಾಕು. ತುಂಬಿಸಿ ಬಿಸಿಲಲ್ಲಿ ನಿಲ್ಲಿಸುವುದಂತೂ ಒಳ್ಳೆಯದಲ್ಲ. ಬ್ಯಾಟರಿ ಬೇಗ ಸವೆಯುವುದೇ ಶಾಖಕ್ಕೆ. ನಮ್ಮ ನೆಕ್ಸಾನ್ ಕಾರಿನದು ಎಲ್‌ಎಫ್‌ಪಿ, ಅಂದರೆ ಕಬ್ಬಿಣದ ಫಾಸ್ಫೇಟ್ ಇರುವ ಬ್ಯಾಟರಿ, ಹಳೇ 30.2 ಯುನಿಟ್ ಮಾಡೆಲ್. ಇದನ್ನು ಆಗಾಗ ನಿಧಾನವಾಗಿ 100 ಮಾಡಬೇಕು, ಇಲ್ಲದಿದ್ದರೆ ಕಾರಿನ ಮೀಟರ್ ಚಾರ್ಜಿನ ಶೇಕಡಾ ತಪ್ಪಾಗಿ ತೋರಿಸುತ್ತದೆ. ನಾನು ಭಾನುವಾರ ಮಾಡುತ್ತೇನೆ, ಮಿಕ್ಕ ದಿನ ಕೇಳಬೇಡಿ.

19 ಹೊಸ ಮನೆ, 8:05
ಶೋರೂಮಿನ ಹುಡುಗ ಇದೊಂದನ್ನೂ ಹೇಳಲಿಲ್ಲ. ಸೀಟ್ ಕವರ್ ಬಗ್ಗೆ ಮಾತ್ರ ಅರ್ಧ ಗಂಟೆ ಹೇಳಿದ.

22 ಇಂಜಿನಿಯರ್ ಸಾಹೇಬರು, 8:11
ಬ್ಯಾಟರಿ ಪಾಠ ಸಾಕು. ನನ್ನ ಸಲಹೆ: ಬೀದಿಯಲ್ಲಿ ಕಾರು ಚಾರ್ಜ್ ಮಾಡುವುದನ್ನೇ ನಿಷೇಧಿಸಿ. ಪಬ್ಲಿಕ್ ಚಾರ್ಜರ್ ಇರುವುದು ಯಾಕೆ?

17 ನೆಕ್ಸಾನ್, 8:13
ಸಾರ್, ದಿನಾ ಫಾಸ್ಟ್ ಚಾರ್ಜರ್‌ಗೆ ಹಾಕಿದರೆ ಬ್ಯಾಟರಿ ಬಿಸಿಯಾಗುತ್ತದೆ. ಮನೆಯ ನಿಧಾನದ ಚಾರ್ಜೇ ಅದಕ್ಕೆ ಹಿತ. ನಿಮ್ಮ ಮನೆಯ ಎರಡು ಎಸಿ, ಮೂರು ಗೀಸರ್ ನಿಷೇಧಿಸೋಣವೇ?

22 ಇಂಜಿನಿಯರ್ ಸಾಹೇಬರು, 8:14
ವೈಯಕ್ತಿಕ ಮಾತು ಬೇಡ.

22 ಇಂಜಿನಿಯರ್ ಸಾಹೇಬರು, 8:15
ಗೀಸರ್ ಎರಡೇ.

31 ಕೆಳಮನೆ, 8:40
ಕರೆಂಟ್ ಈಗ ಬಂತು. ಫ್ರಿಜ್‌ನಲ್ಲಿದ್ದ ಹಾಲು ಒಡೆದಿದೆ. ನನಗೆ ಎನ್‌ಎಂಸಿಯೂ ಬೇಡ, ಎಲ್‌ಎಫ್‌ಪಿಯೂ ಬೇಡ. ಇವತ್ತು ರಾತ್ರಿ ಯಾರು ಹಾಕುತ್ತೀರಿ, ಎಷ್ಟು ಗಂಟೆಗೆ? ಅಷ್ಟು ಹೇಳಿ.

26 ಡಾಕ್ಟ್ರಮ್ಮನ ಮಗಳು, 9:05
ಸರದಿ ಪಟ್ಟಿ. ಸೋಮ, ಗುರು: 19. ಮಂಗಳ, ಶುಕ್ರ: 24. ಬುಧ, ಭಾನು: 17. ಶನಿವಾರ ಊರಿಗೆ ಹೋಗುವವರಿಗೆ. ಯಾರೂ ಹತ್ತು ಗಂಟೆಗೆ ಬೇಡ. ಕಾರಿನಲ್ಲೋ ಬಾಕ್ಸಿನ ಆ್ಯಪ್‌ನಲ್ಲೋ ಸಮಯ ಇಡಬಹುದು, ರಾತ್ರಿ 1ಕ್ಕೆ ಇಡಿ. ಅಷ್ಟರಲ್ಲಿ ಎಸಿ ಕಡಿಮೆಯಾಗಿರುತ್ತದೆ, ಓಡಿ ಬಂದ ಬ್ಯಾಟರಿಯೂ ತಣ್ಣಗಾಗಿರುತ್ತದೆ.

24 ಮಹಡಿ ಮನೆ, 9:09
ಮಂಗಳವಾರ ಆಗುವುದಿಲ್ಲ. ಬುಧವಾರ ಕೊಡಿ.

17 ನೆಕ್ಸಾನ್, 9:10
ಬುಧವಾರ ನನ್ನದು.

ಮೂಲೆ ಮನೆ ಮೇಷ್ಟ್ರು, 9:12
ಕಾರಿಗೂ ಒಂದು ಏಕಾದಶಿ ಮಾಡಿಸಿ.

19 ಹೊಸ ಮನೆ, 9:20
ಪಟ್ಟಿಯಲ್ಲಿ ಶೆಟ್ಟರ ಮೇಲಿನ ಬಾಡಿಗೆಯವರು ಯಾಕಿಲ್ಲ? ಕಿಟಕಿಯಿಂದ ವೈರ್ ಇಳಿಬಿಟ್ಟು ಫುಟ್‌ಪಾತ್ ದಾಟಿಸಿ ಕಾರಿಗೆ ಹಾಕುತ್ತಾರಲ್ಲ, ಅದು ಯಾರಿಗೂ ಕಾಣುವುದಿಲ್ಲವೇ? ಅದೂ ಗೃಹಜ್ಯೋತಿ ಮೀಟರಿನಲ್ಲಿ.

38 ಶೆಟ್ಟರು, 9:24
200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಅವರೇ ಕಟ್ಟುತ್ತಾರೆ. ನಿಮಗೇನು ನಷ್ಟ?

26 ಡಾಕ್ಟ್ರಮ್ಮನ ಮಗಳು, 9:27
ಬಿಲ್ ಹಾಗಿರಲಿ ಅಂಕಲ್. ಅದು ಮಿಕ್ಸಿಗೆ ಹಾಕುವ ತೆಳು ಎಕ್ಸ್‌ಟೆನ್ಷನ್ ವೈರ್. ನಾಲ್ಕೈದು ಗಂಟೆ ಒಂದೇ ಸಮನೆ 14 ಆಂಪಿಯರ್ ಎಳೆದರೆ ಪ್ಲಗ್ ಕರಕಲಾಗುತ್ತದೆ. ಮುಟ್ಟಿ ನೋಡಿ, ಬಿಸಿ ಇರುತ್ತದೆ. ಸರಿಯಾದ ವೈರ್, ಅರ್ಥಿಂಗ್ ಇರುವ ಪಾಯಿಂಟ್ ಕೆಳಗೆ ಹಾಕಿಸಿಕೊಡಿ.

38 ಶೆಟ್ಟರು, 9:30
ಹಾಕಿಸುವ ಖರ್ಚು ಬಾಡಿಗೆಯವರದ್ದೋ ನನ್ನದೋ? ಮೊದಲು ಅದನ್ನು ತೀರ್ಮಾನಿಸಿ.

40 ಅಜ್ಜಿ ಮನೆ, 10:02
ಆ ವೈರಿಗೇ ಮೊನ್ನೆ ಅತ್ತೆಯವರು ಎಡವಿದ್ದು. ಮೊಣಕಾಲು ಇನ್ನೂ ಊದಿಕೊಂಡಿದೆ.

38 ಶೆಟ್ಟರು, 10:04
ಅವರು ಎಡವಿದ್ದು ವೈರಿಗಲ್ಲ, ಒಡೆದ ಚಪ್ಪಡಿಗೆ. ನಾನೇ ಎಬ್ಬಿಸಿದೆ.

12 ಹಳೇ ಅಡ್ಮಿನ್, 10:06
ಆ ಚಪ್ಪಡಿ ವಿಷಯ ಹೋದ ಮಳೆಗಾಲದಿಂದ ಹೇಳುತ್ತಿದ್ದೇನೆ. ಒಳಗೆ ಚರಂಡಿ ಕಾಣುತ್ತದೆ.

22 ಇಂಜಿನಿಯರ್ ಸಾಹೇಬರು, 10:07
ಚಪ್ಪಡಿಯ ಬಗ್ಗೆ ನನ್ನ ಹತ್ತಿರ ಪೂರ್ತಿ ಪ್ಲಾನ್ ಇದೆ. 2 ಇಂಚು ದಪ್ಪದ್ದು ಹಾಕಿದ್ದೇ ತಪ್ಪು. ಭಾನುವಾರ 10ಕ್ಕೆ ಪಾರ್ಕಿನಲ್ಲಿ ಸಭೆ. ಮನೆಗೆ 500 ರೂಪಾಯಿ ತನ್ನಿ. ಅಳತೆ ನಾನು ಹಿಡಿಯುತ್ತೇನೆ.

40 ಅಜ್ಜಿ ಮನೆ, 10:09
ಬಹಳ ಉಪಕಾರ ಸಾರ್.

ಮೂಲೆ ಮನೆ ಮೇಷ್ಟ್ರು, 10:10
ಸಭೆಗೆ ಕಾಫಿ ನಮ್ಮ ಮನೆಯಿಂದ.

31 ಕೆಳಮನೆ, 10:15
ಸಭೆಯಲ್ಲಿ ಟಿಸಿ ಮಾತು ಇರುತ್ತದೆಯೇ?

22 ಇಂಜಿನಿಯರ್ ಸಾಹೇಬರು, 10:17
ಸಮಯ ಉಳಿದರೆ. ಅಂದ ಹಾಗೆ 26, ಮನೆಗೆ ಬಂದರೆ ಆ ಬಾಕ್ಸಿನ ಬಗ್ಗೆ ಕೇಳಬೇಕಿತ್ತು. ಮಗ ಒಂದು ಕಾರು ಬುಕ್ ಮಾಡಿದ್ದಾನೆ.

17 ನೆಕ್ಸಾನ್, ರಾತ್ರಿ 9:50
ಕೊನೆಗೆ ಏನು ತೀರ್ಮಾನವಾಯಿತು? ಇವತ್ತು ಸೋಮವಾರ, ನಾನು ಪ್ಲಗ್ ಹಾಕಬಾರದು ಅಲ್ವಾ? 19 ಮೇಡಂ, 1 ಗಂಟೆಗೆ ಇಟ್ಟಿದ್ದೀರಾ?

12 ಹಳೇ ಅಡ್ಮಿನ್, 9:53
ಚಪ್ಪಡಿ 3 ಅಡಿಯದೋ 4 ಅಡಿಯದೋ? ಟ್ರ್ಯಾಕ್ಟರಿನವರು ಕೇಳುತ್ತಿದ್ದಾರೆ.