ಹೋಮ್ ಲೋನ್ ಕೆಲಸಕ್ಕೆ ನೀವೆಲ್ಲ ಹೇಗೆ ಬಂದಿರಿ?

ದಾವಣಗೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿದು ಒಂದೂವರೆ ವರ್ಷ ಆಯ್ತು. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದೆ, ಪ್ರಿಲಿಮ್ಸ್ ದಾಟಿದೆ, ಮೇನ್ಸ್‌ನಲ್ಲಿ ಹೋಯ್ತು. ಈಗ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯವರು ಸೇಲ್ಸ್ ಆಫೀಸರ್ ಕೆಲಸಕ್ಕೆ ಕರೆದಿದ್ದಾರೆ. ಫೋನಿನಲ್ಲಿ ಮೊದಲು ಕೇಳಿದ್ದೇ ಬೈಕ್ ಇದೆಯಾ, ಲೈಸೆನ್ಸ್ ಇದೆಯಾ ಅಂತ. ಅಂಕಪಟ್ಟಿ ಆಮೇಲೆ ಕೇಳಿದರು.

ಅಪ್ಪನಿಗೆ ಇಷ್ಟವಿಲ್ಲ. ನಮ್ಮ ತಾತ ಎರಡು ಎಕರೆ ಜಮೀನು ಅಡಮಾನ ಇಟ್ಟು, ಬಿಡಿಸಿಕೊಳ್ಳೋಕೆ ಆಗದೆ ಕಳೆದುಕೊಂಡರು. ಅಪ್ಪ ಅದನ್ನು ಇವತ್ತಿಗೂ ಮರೆತಿಲ್ಲ. "ಆ ಕೆಲಸಕ್ಕೆ ನೀನೇ ಹೋಗ್ತೀಯಾ" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಲೈನಿನಲ್ಲಿ ಇರುವವರು ಇಲ್ಲಿ ಬಹಳ ಜನ ಇದ್ದೀರಿ. ನೀವು ಹೇಗೆ ಬಂದಿರಿ, ಬಂದ ಮೇಲೆ ಯಾಕೆ ಉಳಿದಿರಿ, ಸ್ವಲ್ಪ ಬಿಡಿಸಿ ಹೇಳಿ.

ತುಮಕೂರು ಬ್ರಾಂಚ್

ಇದೇ ಕೆಲಸ ಬೇಕು ಅಂತ ಆಸೆಪಟ್ಟು ಬಂದವರನ್ನು ನಾನು ಇಷ್ಟು ವರ್ಷದಲ್ಲಿ ಇಬ್ಬರನ್ನೋ ಮೂವರನ್ನೋ ನೋಡಿರಬಹುದು, ಅಷ್ಟೇ. ಅದಕ್ಕೆ ಕಾರಣ ಇದೆ. ಈ ಧಂದೆ ನಮ್ಮಲ್ಲಿ ಅಂಥ ಹಳೆಯದೇನಲ್ಲ. ಎಚ್‌ಡಿಎಫ್‌ಸಿ ಶುರುವಾಗಿದ್ದು 1977ರಲ್ಲಿ. ನಮ್ಮ ಬೆಂಗಳೂರಿನ ಕ್ಯಾನ್ ಫಿನ್ ಹೋಮ್ಸ್ 1987ರಲ್ಲಿ, ಎಲ್‌ಐಸಿ ಹೌಸಿಂಗ್ 1989ರಲ್ಲಿ. ಅದಕ್ಕೂ ಮುಂಚೆ ಮನೆ ಕಟ್ಟುವವರು ಪಿಎಫ್ ತೆಗೆಯುತ್ತಿದ್ದರು, ಒಡವೆ ಇಡುತ್ತಿದ್ದರು, ಮಾವನ ಮನೆಯಲ್ಲಿ ಕೇಳುತ್ತಿದ್ದರು. ಹಾಗಾಗಿ "ನಾನು ಹೋಮ್ ಲೋನ್‌ನಲ್ಲಿ ಕೆಲಸ ಮಾಡ್ತೀನಿ" ಅಂತ ಕಾಲೇಜಿನಲ್ಲಿ ಯಾರೂ ಕನಸು ಕಾಣಲ್ಲ. ಎಲ್ಲಿಂದಲೋ ಬರುತ್ತಾರೆ, ಇಲ್ಲಿ ಕಲಿಯುತ್ತಾರೆ.

ನಾನು ಬಸ್‌ಸ್ಟ್ಯಾಂಡ್ ಹತ್ತಿರ ಛತ್ರಿ ಹಾಕಿಕೊಂಡು ಸಿಮ್ ಮಾರುತ್ತಿದ್ದೆ. ಅಲ್ಲಿಂದ ಕ್ರೆಡಿಟ್ ಕಾರ್ಡ್‌ಗೆ ಹೋದೆ. 2008ರ ಕೊನೆಗೆ ಕಾರ್ಡ್ ಕೆಲಸ ಬಿದ್ದುಹೋಯ್ತು, ನಮ್ಮ ಟೀಮಿನಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದರು. ಜೊತೆಗಿದ್ದವನೊಬ್ಬ ಡಿಎಸ್‌ಎ ಹತ್ತಿರ, ಅಂದರೆ ಬ್ಯಾಂಕಿಗೆ ಸಾಲದ ಫೈಲ್ ತಂದುಕೊಡುವ ಏಜೆಂಟ್ ಹತ್ತಿರ, ಸೇರಿಕೊಂಡಿದ್ದ. ನನ್ನನ್ನೂ ಕರೆದ. ಮೊದಲ ಆರು ತಿಂಗಳು ನಾನು ಮಾಡಿದ್ದು ಮನೆಮನೆಗೆ ಹೋಗಿ ಸಂಬಳದ ಚೀಟಿ, ಫಾರ್ಮ್ 16, ಆರು ತಿಂಗಳ ಸ್ಟೇಟ್‌ಮೆಂಟ್ ತರೋದು. ಜೆರಾಕ್ಸ್ ಅಂಗಡಿಯಲ್ಲಿ ನಿಂತೇ ಕಾಗದ ಓದೋದು ಕಲಿತೆ. ಯಾವ ಫೈಲ್ ಪಾಸ್ ಆಗುತ್ತೆ, ಯಾವುದು ವಾಪಸ್ ಬರುತ್ತೆ ಅಂತ ಕ್ರೆಡಿಟ್‌ನವರಿಗಿಂತ, ಅಂದರೆ ಸಾಲ ಕೊಡಬಹುದಾ ಅಂತ ತೀರ್ಮಾನಿಸುವವರಿಗಿಂತ, ಮೊದಲೇ ಹೇಳೋ ಹಾಗಾದೆ. ಅದು ಬಂದ ಮೇಲೆ ಕಂಪನಿಯವರೇ ಕರೆದರು.

ಈಗ ನಿನ್ನ ವಿಷಯ. ಸೇರುವ ಮುಂಚೆ ಎರಡು ಮಾತು ಬಾಯಿಬಿಟ್ಟು ಕೇಳು. ಆನ್ ರೋಲಾ, ಅಂದರೆ ಕಂಪನಿಯದೇ ನೌಕರಿಯಾ, ಇಲ್ಲ ಬೇರೆ ಏಜೆನ್ಸಿಯ ಪೇ-ರೋಲಾ? ಸಂಬಳದಲ್ಲಿ ಫಿಕ್ಸೆಡ್ ಎಷ್ಟು, ಇನ್ಸೆಂಟಿವ್ ಎಷ್ಟು? ಪೆಟ್ರೋಲ್ ಯಾರದ್ದು ಅನ್ನೋದನ್ನೂ ಕೇಳು, ಸಂಕೋಚ ಬೇಡ. ತಿಂಗಳ 25ರಿಂದ 31ರವರೆಗೆ ನಿನಗೆ ಊಟ ನಿದ್ದೆ ಸರಿಯಾಗಿ ಸಿಗಲ್ಲ. ಲಾಗಿನ್ (ಸಲ್ಲಿಸಿದ ಅರ್ಜಿ) ಎಷ್ಟಾಯ್ತು, ಡಿಸ್ಬರ್ಸ್ (ಕೈಗೆ ಕೊಟ್ಟ ಸಾಲ) ಎಷ್ಟಾಯ್ತು ಅಂತ ಗಂಟೆಗೊಂದು ಫೋನ್ ಬರುತ್ತೆ. ಇದನ್ನು ತಿಳಿದುಕೊಂಡೇ ಬಾ.

ನಾಗರಬಾವಿ ಅಕ್ಕ

ನಾನು ಕ್ರೆಡಿಟ್ ಕಡೆಯವಳು. ಮೈಕ್ರೋಫೈನಾನ್ಸ್‌ನಲ್ಲಿ ನಾಲ್ಕು ವರ್ಷ ಇದ್ದೆ, ರಾಮನಗರ ಚನ್ನಪಟ್ಟಣ ಕಡೆ ಬೆಳಗ್ಗೆ ಏಳಕ್ಕೆ ಮಹಿಳಾ ಗುಂಪುಗಳ ಮೀಟಿಂಗ್. ಸಂಬಳದ ಚೀಟಿ ಇಲ್ಲದವರ ಮನೆಯಲ್ಲಿ ಕೂತು ಆದಾಯ ಲೆಕ್ಕ ಹಾಕೋದು ಅಲ್ಲೇ ರೂಢಿಯಾಯ್ತು. ಆಮೇಲೆ ಚಿಕ್ಕ ಮನೆ ಸಾಲ ಕೊಡುವ ಕಂಪನಿಗಳು ಬಂದವು, ಅವರಿಗೆ ಬೇಕಾಗಿದ್ದೂ ಇದೇ.

ನಮ್ಮಲ್ಲಿ ಪಿಡಿ ಅಂತೀವಿ. ಸಾಲ ಕೇಳಿದವರ ಹತ್ತಿರ ಖುದ್ದಾಗಿ ಹೋಗಿ ಮಾತಾಡೋದು. ತಳ್ಳುಗಾಡಿಯಲ್ಲಿ ಇಡ್ಲಿ ಮಾರುವ ಒಬ್ಬ ಹೆಂಗಸಿನ ಫೈಲ್ ಬಂದಿತ್ತು. ಬ್ಯಾಂಕ್ ಖಾತೆಯಲ್ಲಿ ಏನೂ ಇಲ್ಲ. ನಾನು ಬೆಳಗ್ಗೆ ಆರೂವರೆಗೆ ಹೋಗಿ ಹತ್ತು ಗಂಟೆವರೆಗೆ ಗಾಡಿ ಪಕ್ಕದಲ್ಲೇ ನಿಂತೆ. ದಿನಕ್ಕೆ ಎಷ್ಟು ಕೆಜಿ ಅಕ್ಕಿ ನೆನೆಹಾಕ್ತಾರೆ, ಉದ್ದಿನಬೇಳೆ ಎಷ್ಟು, ಸಿಲಿಂಡರ್ ಎಷ್ಟು ದಿನ ಬರುತ್ತೆ, ಮಳೆ ಬಂದರೆ ಏನು ಮಾಡ್ತಾರೆ, ಅಕ್ಕಿ ಅಂಗಡಿಯವನ ಹತ್ತಿರ ಬಾಕಿ ಇದೆಯಾ, ಚೀಟಿ ಎಷ್ಟು ಕಟ್ಟುತ್ತಾರೆ. ಚೀಟಿ ಮುಖ್ಯ. ಎಂಟು ವರ್ಷದಿಂದ ಒಂದು ತಿಂಗಳೂ ಚೀಟಿ ತಪ್ಪಿಸಿರಲಿಲ್ಲ ಆಕೆ. ಸಿಬಿಲ್‌ನಲ್ಲಿ, ಅಂದರೆ ಹಳೆ ಸಾಲಗಳ ದಾಖಲೆಯಲ್ಲಿ, ಅದು ಕಾಣಲ್ಲ, ಫೈಲಿನ ಟಿಪ್ಪಣಿಯಲ್ಲಿ ನಾವೇ ಬರೆಯಬೇಕು. ಬರೆದೆ. ಸ್ಯಾಂಕ್ಷನ್ ಆಯ್ತು. ನಾನು ಈ ಕೆಲಸದಲ್ಲಿ ಉಳಿದಿರುವುದು ಇದಕ್ಕೇ.

ಆದರೆ ಸಾಲದ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕು ತಮ್ಮ. 10 ಲಕ್ಷಕ್ಕೆ ಶೇ 12 ಬಡ್ಡಿ, 15 ವರ್ಷ ಅಂದರೆ ಕಂತು ಸುಮಾರು 12,000. ಒಟ್ಟು ಕಟ್ಟೋದು 21 ಲಕ್ಷ 60 ಸಾವಿರ. ಪಡೆದದ್ದರ ಎರಡರಷ್ಟಕ್ಕಿಂತ ಜಾಸ್ತಿ! ನಾನು ಪ್ರತಿಯೊಬ್ಬರಿಗೂ ಇದನ್ನು ಪೇಪರಿನಲ್ಲಿ ಬರೆದು ತೋರಿಸುತ್ತೇನೆ. ಕೆಲವರು ನೋಡಿ ಎದ್ದು ಹೋಗುತ್ತಾರೆ. ಹೋಗಲಿ. ಸೇಲ್ಸ್‌ನವರಿಗೆ ನನ್ನ ಮೇಲೆ ಸಿಟ್ಟು, ಅದೂ ಇರಲಿ.

ಪಾಯ ನೋಡುವವ

ಸಿವಿಲ್ ಡಿಪ್ಲೊಮಾ. 2020ರ ಲಾಕ್‌ಡೌನ್‌ನಲ್ಲಿ ಸೈಟ್ ಕೆಲಸ ನಿಂತಾಗ ಸ್ನೇಹಿತನ ವ್ಯಾಲ್ಯುಯೇಶನ್ (ಸಾಲಕ್ಕೆ ಆಸ್ತಿಯ ಬೆಲೆ ಕಟ್ಟುವ) ಆಫೀಸಿಗೆ ಹೋದೆ, ಅಲ್ಲೇ ಉಳಿದೆ. ಟೇಪು, ಕ್ಯಾಮೆರಾ, ಅಕ್ಕಪಕ್ಕದವರ ಹತ್ತಿರ ರೇಟ್ ವಿಚಾರಿಸೋದು. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಶೇ 90, 75 ಲಕ್ಷದವರೆಗೆ ಶೇ 80, ಅದಕ್ಕಿಂತ ಮೇಲೆ ಶೇ 75 ಮಾತ್ರ ಕೊಡಬಹುದು. ಹಾಗಾಗಿ "ಬೆಲೆ ಸ್ವಲ್ಪ ಜಾಸ್ತಿ ಬರೀರಿ ಸಾರ್" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಬರೆಯಬೇಡಿ. ಸಹಿ ನಮ್ಮದು.

ಬಿಟ್ಟು ಬಂದವನು

ಎಲ್ಲರೂ ಒಳ್ಳೆಯದೇ ಹೇಳುತ್ತಿದ್ದೀರಿ, ಹಾಗಾಗಿ ನಾನೂ ಬರೆಯಬೇಕು ಅನ್ನಿಸಿತು. ನಾನು ಮೂರು ವರ್ಷ ಕಲೆಕ್ಷನ್‌ನಲ್ಲಿದ್ದೆ, ಅಂದರೆ ಬಾಕಿ ಕಂತು ವಸೂಲಿ ಮಾಡೋ ಕೆಲಸ. ಸೇಲ್ಸ್ ಅಂತ ಸೇರಿಸಿಕೊಂಡು ಎಂಟೇ ತಿಂಗಳಿಗೆ ಆ ಕಡೆ ಹಾಕಿದರು. ಕಂಪನಿ ಹೆಸರು ಬೇಡ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಕರೆ ಮಾಡಬಾರದು ಅಂತ ನಿಯಮ ಇದೆ, ನಮ್ಮ ಮ್ಯಾನೇಜರ್ ರಾತ್ರಿ 9ಕ್ಕೆ ಪಟ್ಟಿ ಕಳಿಸಿ ಈಗಲೇ ಮಾಡಿ ಅನ್ನುತ್ತಿದ್ದರು. ಒಂದು ಮನೆಗೆ ಹೋದಾಗ ಗಂಡ ತೀರಿಕೊಂಡು ಹದಿನೈದು ದಿನ ಆಗಿತ್ತು, ಆಕೆ ನನಗೆ ನೀರು ತಂದುಕೊಟ್ಟು, ಕಂತು ಎಷ್ಟು ಅಂತ ಕೇಳಿದರು. ಅಲ್ಲಿಂದ ಬಂದವನು ಅದೇ ತಿಂಗಳು ಕೆಲಸ ಬಿಟ್ಟೆ. ಸೇರುವವರು ಆಫರ್ ಲೆಟರ್‌ನಲ್ಲಿ ವಿಭಾಗ ಯಾವುದು, ಬದಲಾಯಿಸಬಹುದಾ ಅಂತ ನೋಡಿಕೊಳ್ಳಿ.

ಮಂಡ್ಯ ವಕೀಲ

ದಾವಣಗೆರೆ ಹುಡುಗನ ಅಪ್ಪನಿಗೆ ಮೊದಲು ಹೇಳುತ್ತೇನೆ. ನಿಮ್ಮ ತಂದೆ ಮಾಡಿದ್ದು ಬಹುಶಃ ಭೋಗ್ಯ. ಅದರಲ್ಲಿ ಜಮೀನೇ ಸಾಲ ಕೊಟ್ಟವನ ಕೈಗೆ ಹೋಗುತ್ತೆ, ಬೆಳೆ ಅವನು ತಿನ್ನುತ್ತಾನೆ. ಮನೆ ಸಾಲದಲ್ಲಿ ಕಾಗದ ಮಾತ್ರ ಅವರ ಹತ್ತಿರ, ಮನೆಯಲ್ಲಿ ನೀವೇ ಇರುತ್ತೀರಿ. ಮನೆ ಹೋಗಲ್ಲ ಅಂತ ಅಲ್ಲ. 90 ದಿನ ಕಂತು ಬಾಕಿ ಉಳಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಅಂತ ಲೆಕ್ಕ, ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್, ಅದಾದ ಮೇಲೆ ಸ್ವಾಧೀನ. ಕೋರ್ಟಿಗೆ ದಾವೆ ಹಾಕದೆಯೇ ಇದನ್ನು ಮಾಡಬಹುದು. ಕೃಷಿ ಜಮೀನಿಗೆ ಮಾತ್ರ ಆ ಕಾಯ್ದೆ ಅನ್ವಯಿಸಲ್ಲ.

ನಾನು ಬಂದದ್ದು ಹೊಟ್ಟೆಪಾಡಿಗೆ. ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದಾಗ ಬಸ್ ಚಾರ್ಜಿಗೂ ದುಡ್ಡು ಸಾಲುತ್ತಿರಲಿಲ್ಲ. ಆಸ್ತಿ ಪತ್ರ ಸರಿ ಇದೆಯಾ ಅಂತ ಲೀಗಲ್ ಒಪಿನಿಯನ್ ಬರೆದರೆ, ಸಾಲ ಕೊಡುವವರು ಫೈಲಿಗೆ ಇಷ್ಟು ಅಂತ ಕೊಡುತ್ತಿದ್ದರು. ಮೂಲ ಪತ್ರದಿಂದ ಇವತ್ತಿನವರೆಗೆ 30 ವರ್ಷದ ಕೊಂಡಿ ನೋಡಬೇಕು: ಕ್ರಯಪತ್ರ, ವಿಭಾಗಪತ್ರ, ಪಹಣಿ, ಮ್ಯುಟೇಶನ್, ಕನ್ವರ್ಷನ್ ಆದೇಶ, ಇಸಿ (ಆಸ್ತಿ ಮೇಲಿನ ಋಣ, ವ್ಯವಹಾರ ತೋರಿಸುವ ಪತ್ರ), ಖಾತೆ. ಕಂಪ್ಯೂಟರ್ ಬರುವ ಮುಂಚಿನ ಇಸಿ ಎಲ್ಲ ಕೈಬರಹ. ಒಂದು ಫೈಲ್‌ನಲ್ಲಿ ಎಲ್ಲ ಸರಿ ಇತ್ತು, ಆದರೆ 2011ರ ವಿಭಾಗಪತ್ರದಲ್ಲಿ ಚಿಕ್ಕ ಮಗಳ ಸಹಿ ಇರಲಿಲ್ಲ. ಮದುವೆ ಮಾಡಿ ಕೊಟ್ಟಾಯ್ತಲ್ಲ, ಆಕೆಯದು ಏನು ಅಂದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಫೈಲ್ ನಿಲ್ಲಿಸಿದೆ. ಕೊಳ್ಳುವವನು ಅಡ್ವಾನ್ಸ್ ಕೊಟ್ಟಿದ್ದ, ನನ್ನ ಮೇಲೆ ಕೂಗಾಡಿದ. ಎರಡು ವರ್ಷ ಬಿಟ್ಟು ಅದೇ ಸೈಟಿನ ಮೇಲೆ ಆ ಮಗಳು ದಾವೆ ಹಾಕಿದಳು. ಅಷ್ಟರಲ್ಲಿ ಇವನು ಬೇರೆ ಕಡೆ ಮನೆ ತೆಗೆದುಕೊಂಡಿದ್ದ. ಈಗ ದೀಪಾವಳಿಗೆ ಮನೆಗೆ ಬಂದು ಸ್ವೀಟ್ ಕೊಟ್ಟು ಹೋಗುತ್ತಾನೆ.

ದಾವಣಗೆರೆ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆನ್ ರೋಲ್ ವಿಷಯ ಫೋನ್ ಮಾಡಿ ಕೇಳಿದೆ. ಮೊದಲ ಒಂದು ವರ್ಷ ಏಜೆನ್ಸಿ ರೋಲ್ ಅಂತೆ, ಕೇಳದೆ ಇದ್ದಿದ್ದರೆ ಹೇಳುತ್ತಿರಲಿಲ್ಲ. ವಿಭಾಗ ಬದಲಾಯಿಸುವ ವಿಷಯ ಸೋಮವಾರದ ರೌಂಡಿನಲ್ಲಿ ಕೇಳುತ್ತೇನೆ.

ವಕೀಲರು ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ಟ್ರಂಕಿನಿಂದ ತಾತನ ಪತ್ರ ತೆಗೆದರು. ಹೌದು, ಭೋಗ್ಯಪತ್ರವೇ. ಅಕ್ಷರ ನನಗೆ ಅರ್ಧ ಅರ್ಥವಾಗಲಿಲ್ಲ, ಖುಷ್ಕಿ, ಚೆಕ್ಕುಬಂದಿ ಎಲ್ಲ ಅಪ್ಪನೇ ಬೆರಳಿಟ್ಟು ಓದಿ ಹೇಳಿದರು. ನಾಗರಬಾವಿ ಅಕ್ಕ, ಬಿ.ಕಾಂ. ಓದಿದವರನ್ನು ನೇರವಾಗಿ ಕ್ರೆಡಿಟ್‌ಗೆ ತೆಗೆದುಕೊಳ್ತಾರಾ, ಇಲ್ಲ ಸೇಲ್ಸ್ ಮಾಡಿಯೇ ಬರಬೇಕಾ?

ನಾಗರಬಾವಿ ಅಕ್ಕ

ತೆಗೆದುಕೊಳ್ತಾರೆ, ಆದರೆ ಕಡಿಮೆ. ಒಂದು ವರ್ಷ ಸೇಲ್ಸ್ ಮಾಡಿ ಬಾ, ನಷ್ಟ ಇಲ್ಲ. ಪಿಡಿ ಮಾಡುವವರು ಬಂದಾಗ ಸುಮ್ನೆ ಹೊರಗೆ ಬೈಕ್ ಹತ್ತಿರ ಕಾಯಬೇಡ. ಒಳಗೆ ಹೋಗಿ ಕೂತು, ಅವರು ಏನು ಕೇಳ್ತಾರೆ ನೋಡು.