ನೆಲಬೇವಿನ ಸಾರ: ತೂಕ ಬರುತ್ತೆ, ಆಂಡ್ರೋಗ್ರಾಫೋಲೈಡ್ ಬರ್ತಿಲ್ಲ, ಯಾಕೆ?

ಎಲೆಬೇರು:
ಎಂ.ಎಸ್ಸಿ. ಪ್ರಾಜೆಕ್ಟಿಗೆ ನೆಲಬೇವು, ಅಂದರೆ ಆಂಡ್ರೋಗ್ರಾಫಿಸ್ ಪ್ಯಾನಿಕುಲೇಟಾ ತಗೊಂಡಿದ್ದೇವೆ. ಗ್ರಂಥಿಗೆ ಅಂಗಡಿಯ ಒಣಗಿದ ಗಿಡ, ಕಡ್ಡಿಸಮೇತ ಪುಡಿ. ಒಂದು ಪಾಲು ನೀರಿನಲ್ಲಿ ಕುದಿಸಿದ್ದು, ಇನ್ನೊಂದು ಮೆಥನಾಲಿನಲ್ಲಿ ಸಾಕ್ಸ್‌ಲೆಟ್ (ದ್ರಾವಕವನ್ನು ಮತ್ತೆ ಮತ್ತೆ ಪುಡಿಯ ಮೂಲಕ ಹರಿಸಿ ಸಾರ ತೆಗೆಯೋದು). ನೀರಿನ ಸಾರ ತೂಕದಲ್ಲಿ ಜಾಸ್ತಿ, ಟಿಎಲ್‌ಸಿಯಲ್ಲಿ (ತೆಳುಪದರದ ಮೇಲೆ ಘಟಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ವಿಧಾನ) ಮಾತ್ರ ಬೇಕಾದ ಚುಕ್ಕೆ, ಅಂದರೆ ನೆಲಬೇವಿನ ಮುಖ್ಯ ಕಹಿಸತ್ವ ಆಂಡ್ರೋಗ್ರಾಫೋಲೈಡಿನದು, ಕಾಣಲ್ಲ. ಮೆಥನಾಲಿನದು ಡಾಂಬರಿನ ಹಾಗೆ ಅಂಟು, ಕಡು ಹಸಿರು. ಅಗರ್ ತಟ್ಟೆಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದ ಮೇಲೆ ಎರಡೂ ವಲಯ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಜಾಗ) ಕೊಡಲಿಲ್ಲ. ಔಷಧೀಯ ಗುಣ ಸಿಗಲಿಲ್ಲ ಅಂತ ಬರೆಯಬಹುದಾ?

ಕಹಿಸೊಪ್ಪು:
ಬರೆಯಬೇಡಿ. ಮೊದಲು ಕಚ್ಚಾವಸ್ತು ನೋಡಿ. ಕಿರಾತಕಡ್ಡಿ ಅಂತ ಅಂಗಡಿಯಲ್ಲಿ ಕೊಡೋದು ನೆಲಬೇವೂ ಇರಬಹುದು, ಹಿಮಾಲಯದ ಸ್ವೆರ್ಷಿಯಾ ಚಿರಾಯಿತವೂ ಇರಬಹುದು. ಎರಡೂ ಕಹಿಯೇ, ಆದರೆ ಸ್ವೆರ್ಷಿಯಾದ ಕಹಿ ಅಮರೋಜೆಂಟಿನ್‌ನಂಥವುಗಳಿಂದ ಬರೋದು, ಅದರಲ್ಲಿ ಆಂಡ್ರೋಗ್ರಾಫೋಲೈಡ್ ಹುಡುಕಿ ಪ್ರಯೋಜನವಿಲ್ಲ. ಕಡ್ಡಿ ಮುರಿದು ನೋಡಿ: ನೆಲಬೇವಿನದು ನಾಲ್ಕು ಮೂಲೆಯದು, ಸ್ವೆರ್ಷಿಯಾದ್ದು ಬಹುಪಾಲು ಗುಂಡಗೆ, ಒಳಗೆ ಹಳದಿ ತಿರುಳು.

ಎರಡನೆಯದು, ಕಡ್ಡಿಯಲ್ಲಿ ಸತ್ವ ಕಡಿಮೆ, ಎಲೆಯಲ್ಲಿ ಹೆಚ್ಚು. ಹೂ ಬಿಡಲು ಶುರುವಾಗುವ ಹೊತ್ತಿಗೆ ಕೊಯ್ದ ಎಲೆಯೇ ಸರಿ, ಕಾಯಿ ಕಟ್ಟಿದ ಮೇಲೆ ಇಳಿಯುತ್ತೆ. ನೆರಳಲ್ಲಿ ಒಣಗಿಸಿ, ಹಳೇ ದಾಸ್ತಾನು ಬೇಡ. ಬೇರು ಪ್ರತ್ಯೇಕ ಇಡಿ, ಅದರಲ್ಲಿ ಫ್ಲೇವೋನ್ ಎಂಬ ಬೇರೆ ಗುಂಪಿನ ಸಂಯುಕ್ತಗಳೇ ಹೆಚ್ಚು, ಬೆರೆತರೆ ಫಲಿತಾಂಶ ಗೊಂದಲ.

ನೀರಿನ ವಿಷಯಕ್ಕೆ ಬಂದರೆ: ಆಂಡ್ರೋಗ್ರಾಫೋಲೈಡ್ ಡೈಟರ್ಪೀನ್ ಲ್ಯಾಕ್ಟೋನ್ (ಉಂಗುರಾಕಾರದ ಎಸ್ಟರ್ ಇರುವ ಅಣು), ನೀರಲ್ಲಿ ಕರಗೋದು ತೀರಾ ಕಡಿಮೆ. ನಿಮ್ಮ ನೀರಿನ ಸಾರದ ತೂಕವೆಲ್ಲ ಸಕ್ಕರೆ, ಪಾಲಿಸ್ಯಾಕರೈಡ್, ಲವಣ. ನಾಲಿಗೆಗೆ ಕಹಿ ಹತ್ತಲು ಅತ್ಯಲ್ಪ ಸಾಕು, ಆದ್ದರಿಂದ ಕಹಿ ಇದೆ ಅಂದಮಾತ್ರಕ್ಕೆ ಪ್ರಮಾಣ ಇದೆ ಅಂತಲ್ಲ.

ಎಲೆಬೇರು:
ಕಡ್ಡಿ ನಾಲ್ಕು ಮೂಲೆಯದೇ ಸರ್. ಹಸಿರು ತೆಗೆಯಲು ಇದ್ದಿಲು ಹಾಕೋದಾ?

ಸಿಲಿಕಾ60:
ಇದ್ದಿಲು ಹಸಿರಿನ ಜೊತೆ ನಿಮಗೆ ಬೇಕಾದ್ದನ್ನೂ ಹೀರುತ್ತೆ. ಹೀಗೆ ಮಾಡಿ. 50 ಗ್ರಾಂ ಎಲೆಪುಡಿಯನ್ನು ಮೊದಲು ಹೆಕ್ಸೇನಿನಲ್ಲಿ ನೆನೆಸಿ ಸೋಸಿ. ಮೇಣ, ಕೊಬ್ಬು, ಒಂದಷ್ಟು ಹಸಿರು ಹೋಗುತ್ತೆ, ಆಂಡ್ರೋಗ್ರಾಫೋಲೈಡ್ ಅದರಲ್ಲಿ ಕರಗಲ್ಲ. ಪುಡಿ ಆರಿದ ಮೇಲೆ ಡೈಕ್ಲೋರೋಮೀಥೇನ್, ಮೆಥನಾಲ್ ಸಮಪಾಲು ಸೇರಿಸಿ 250 ಮಿ.ಲೀ. ಹಾಕಿ, ಬಿಸಿಯಿಲ್ಲದೆ ರಾತ್ರಿಯಿಡೀ ಬಿಡಿ. ಮೂರು ಸಲ. ಸೋಸಿದ್ದನ್ನೆಲ್ಲ ರೋಟರಿ ಇವಾಪೊರೇಟರ್‌ನಲ್ಲಿ (ಒತ್ತಡ ಇಳಿಸಿ ದ್ರಾವಕ ಆವಿ ಮಾಡುವ ಯಂತ್ರ), ನೀರಿನ ತೊಟ್ಟಿ 45 ಡಿಗ್ರಿ ದಾಟದಂತೆ ಇಳಿಸಿ. ಉಳಿದ ಅಂಟನ್ನು ಟಾಲ್ವೀನಿನಿಂದ ತೊಳೆಯುತ್ತಾ ಹೋಗಿ, ತೊಳೆದದ್ದು ಬಣ್ಣ ಕಳೆದುಕೊಳ್ಳುವವರೆಗೆ. ಫ್ಯೂಮ್ ಹುಡ್ (ದ್ರಾವಕದ ಆವಿ ಹೊರಗೆಳೆಯುವ ಪೆಟ್ಟಿಗೆ) ಇಲ್ಲದೆ ಬೇಡ. ತಳದಲ್ಲಿ ನಿಂತದ್ದನ್ನು ಆದಷ್ಟು ಕಡಿಮೆ ಬಿಸಿ ಮೆಥನಾಲಿನಲ್ಲಿ ಕರಗಿಸಿ ಫ್ರಿಜ್ಜಿನಲ್ಲಿಡಿ. ಹರಳು ಬರದಿದ್ದರೆ ಬಹುತೇಕ ಮೆಥನಾಲ್ ಜಾಸ್ತಿಯಾಗಿರುತ್ತೆ. ಸ್ವಲ್ಪ ಆವಿ ಮಾಡಿ, ಗಾಜಿನ ಕಡ್ಡಿಯಿಂದ ಒಳಗೋಡೆ ಕೆರೆಯಿರಿ. ಶುದ್ಧ ಹರಳು ಬಣ್ಣವಿಲ್ಲದ್ದು, 230 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತೆ. ಹಸಿರು ಛಾಯೆ ಉಳಿದರೆ ಮತ್ತೊಮ್ಮೆ ಹರಳುಗಟ್ಟಿಸಿ.

ಟಿಎಲ್‌ಸಿಯಲ್ಲಿ ಒಂದು ಮೋಸ ಇದೆ. ಆಂಡ್ರೋಗ್ರಾಫೋಲೈಡ್ 223 ನ್ಯಾನೊಮೀಟರ್ ಸುಮಾರಿಗೆ ಹೀರುತ್ತೆ, ಹಾಗಾಗಿ 254 ನ್ಯಾನೊಮೀಟರಿನ ನೇರಳಾತೀತ ದೀಪದಡಿ ಮಂಕು. ಅದರಿಂದ ನೀರು ಕಳೆದುಕೊಂಡು ಹುಟ್ಟುವ 14-ಡಿಆಕ್ಸಿ-11,12-ಡೈಡಿಹೈಡ್ರೋ ರೂಪ 250ರ ಹತ್ತಿರ ಹೀರೋದರಿಂದ ಅದೇ ದೀಪದಡಿ ಗಾಢವಾಗಿ ಕಾಣುತ್ತೆ. ಗಾಢ ಚುಕ್ಕೆಯೇ ಮುಖ್ಯ ಅಂತ ಗುರುತು ಹಾಕಿದರೆ ಹಾಳಾದ ಮಾಲನ್ನೇ ಅಳೆದಂತೆ. ಪಕ್ಕದಲ್ಲಿ ಸ್ಟ್ಯಾಂಡರ್ಡ್ (ಶುದ್ಧ ಆಂಡ್ರೋಗ್ರಾಫೋಲೈಡ್) ಓಡಿಸಿ, ಕೆಡ್ಡೆ ರೀಏಜೆಂಟ್ ಸಿಂಪಡಿಸಿ: ಅಪರ್ಯಾಪ್ತ ಲ್ಯಾಕ್ಟೋನ್ ಇದ್ದಲ್ಲಿ ನೇರಳೆ. ಕ್ಷಾರದಲ್ಲಿ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಳ್ಳುತ್ತೆ, ಆದ್ದರಿಂದ ಸಾರವನ್ನು ಸೋಡಾದಿಂದ ತೊಳೆಯೋ ಗೋಜಿಗೆ ಹೋಗಬೇಡಿ.

ಅಗರ್‌ತಟ್ಟೆ:
ವಲಯ ಬರದೇ ಇದ್ದದ್ದರಿಂದ ಏನೂ ಸಾಬೀತಾಗಲ್ಲ. ಇಂಥ ಅಣು ನೀರಿನ ಅಗರ್‌ನಲ್ಲಿ ಹರಡೋದೇ ನಿಧಾನ, ಇ. ಕೊಲೈಗೆ ಹೊರಪೊರೆಯ ಅಡ್ಡಿ ಬೇರೆ. ಬ್ರಾತ್ ಡೈಲ್ಯೂಷನ್ (ಸಾರವನ್ನು ಹಂತಹಂತವಾಗಿ ತೆಳುಮಾಡಿ, ದ್ರವ ಮಾಧ್ಯಮದಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತಾ ನೋಡೋದು) ಮಾಡಿ. ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ ಕೊನೆಗೆ ಶೇ. 1 ಮೀರಬಾರದು, ಬರೀ ಡಿಎಂಎಸ್‌ಒ ಹಾಕಿದ ಕುಳಿ ಬೇಕೇ ಬೇಕು. ರೆಸಜುರಿನ್ (ಜೀವಂತ ಬ್ಯಾಕ್ಟೀರಿಯಾ ಇದ್ದರೆ ಬಣ್ಣ ಬದಲಿಸುವ ಸೂಚಕ) ಬಳಸಿದರೆ ಬ್ಯಾಕ್ಟೀರಿಯಾ ಇಲ್ಲದ, ಸಾರ ಮಾತ್ರ ಇರುವ ಕುಳಿಯೂ ಇರಲಿ: ಎಲೆಯ ಫಿನಾಲ್‌ಗಳೇ ಬಣ್ಣ ಬದಲಿಸುತ್ತವೆ.

ಹಾಗಂತ ಬ್ಯಾಕ್ಟೀರಿಯಾ ಕೊಲ್ಲೋದೇ ಈ ಗಿಡದ ಹೆಗ್ಗಳಿಕೆ ಅಲ್ಲ, ನಿಜವಾದ ಆಸಕ್ತಿ ಉರಿಯೂತದ ಕಡೆ. ಆಂಡ್ರೋಗ್ರಾಫೋಲೈಡ್ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್ ಎನ್‌ಎಫ್-ಕಪ್ಪಾ-ಬಿಯ ಪಿ50 ಉಪಘಟಕದ 62ನೇ ಸಿಸ್ಟೀನಿಗೆ ಕೋವೇಲೆಂಟ್ ಆಗಿ ಅಂಟಿಕೊಳ್ಳುತ್ತೆ. ಅನುಕೂಲ ಇದ್ದರೆ ಮ್ಯಾಕ್ರೋಫೇಜ್‌ಗಳಲ್ಲಿ (ರೋಗನಿರೋಧಕ ಕೋಶಗಳು) ಉರಿಯೂತದ ಗುರುತಾದ ನೈಟ್ರಿಕ್ ಆಕ್ಸೈಡ್ ಅಳೆಯಿರಿ, ಜೊತೆಗೇ ಜೀವಕೋಶ ಬದುಕಿದೆಯಾ ನೋಡಿ. ಸತ್ತ ಕೋಶವೂ ನೈಟ್ರಿಕ್ ಆಕ್ಸೈಡ್ ಕಡಿಮೆಯೇ ಕೊಡುತ್ತೆ.

ಕಹಿಸೊಪ್ಪು:
ವರದಿಯಲ್ಲಿ ಸುರಕ್ಷತೆಗೂ ಒಂದು ಪ್ಯಾರಾ ಇಡಿ. ಅಮೆರಿಕದಲ್ಲಿ ಎಚ್‌ಐವಿ ಸೋಂಕಿತರಿಗೆ ಆಂಡ್ರೋಗ್ರಾಫೋಲೈಡ್ ಕೊಟ್ಟ ಮೊದಲ ಹಂತದ ಪ್ರಯೋಗ, 2000ದಲ್ಲಿ ಪ್ರಕಟವಾದದ್ದು, ಅನಾಫಿಲ್ಯಾಕ್ಸಿಸ್ (ತೀವ್ರ ಅಲರ್ಜಿ) ಸೇರಿ ಅಡ್ಡಪರಿಣಾಮಗಳಿಂದ ಅರ್ಧದಲ್ಲೇ ನಿಂತಿತ್ತು. ಬಸುರಿಯರಿಗೆ ಕೊಡಬಾರದು. ಇನ್ನು ನಿಮ್ಮ ಮೆಥನಾಲ್ ಸಾರವನ್ನು ಯಾರೂ ನಾಲಿಗೆಗೆ ಹಚ್ಚದಂತೆ ಸೀಸೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.